ಕದಿರು ತಿದ್ದುವ ಹುಲಿಯಪ್ಪ

ಸಾಗರದ ನೂಲುವ ಕೇಂದ್ರದಲ್ಲಿ ಯಾರಾದರೂ ಕದಿರನ್ನು "ಕಡ್ಡಿ" ಎಂದರೆ ಹುಲಿಯಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಡ್ಡಿ ಎನ್ನುವುದು ಹಲ್ಲಿಗೆ, ಪೊರಕೆಗೆ, ಬೆಂಕಿಪೊಟ್ಟಣಕ್ಕೆ. ಕದಿರು ಎಂದರೆ ಗೇಣುದ್ದದ, ತುದಿ ಚೂಪಾದ ಉಕ್ಕಿನ ಸಲಾಕೆ. ರಾಟೆಯ ಹುರಿ ಎಳೆದಂತೆ ತಾನೂ ತಿರುಗಿ, ಹತ್ತಿಯ ಹಂಜಿಯನ್ನು ನೂಲು ಮಾಡಿ, ಆ ನೂಲನ್ನು ತನ್ನ ಮೈಗೇ ಸುತ್ತಿಕೊಳ್ಳುವಂಥದ್ದು. ಕೇಂದ್ರ ನೋಡಲು ಬಂದವರಿಗೆ ಪಾಠ ಹೇಳದೆ ಅವನು ಬಿಡುತ್ತಿರಲಿಲ್ಲ.

"ತಕಲಿಗೆ ರಾಟೆ ಬ್ಯಾಡ್ರೀ. ಕೆಳಗೊಂದು ಬಿಲ್ಲೆ ಇರ್ತದೆ, ಬೆರಳಲ್ಲಿ ಚಿಮ್ಮಿದ್ರೆ ಅದರ ಪಾಡಿಗೆ ಅದು ತಿರುಗ್ತದೆ. ಕದಿರು ಹಂಗಲ್ಲ, ರಾಟೆ ಹೇಳ್ದಂಗೆ ಕೇಳ್ಬೇಕು. ಲಾಳಿ ಇದೆಯಲ್ಲ, ಅದು ತಿರುಗೋದೇ ಇಲ್ಲ, ಮಗ್ಗದಲ್ಲಿ ಆಚೆ ಈಚೆ ಓಡೋದು. ಅದರ ಹೊಟ್ಟೇಲಿ ನೂಲು ಸುತ್ತಿ ಇಡೋದು ಕಂಡಿಕೆ. ನಾಕಕ್ಕೂ ನಾಕು ಹೆಸರಿಟ್ಟೋರು ಕೆಲ್ಸ ಇಲ್ದೆ ಇಟ್ರಾ?"

ಮಗ್ಗವನ್ನೇ ನೋಡದವರೂ ತಲೆಯಾಡಿಸಿ ಹೋಗುತ್ತಿದ್ದರು.

ಹುಲಿಯಪ್ಪ ಹೊಸನಗರದ ಕಡೆಯ ಗೇಣಿದಾರರ ಮನೆಯವನು. ಚಿಕ್ಕಂದಿನಲ್ಲಿ ಗಾಡಿಯ ಚಕ್ರ ಕಾಲ ಮೇಲೆ ಹರಿದು ಗದ್ದೆ ಕೆಲಸಕ್ಕೆ ಬಾರದವನಾದ. ತೀರ್ಥಹಳ್ಳಿಯಲ್ಲಿ ಒಬ್ಬ ಕಮ್ಮಾರನ ಹತ್ತಿರ ಹನ್ನೊಂದು ವರ್ಷ ತಿದಿ ಒತ್ತಿ, ಬೈಗುಳ ತಿಂದು, ಕಬ್ಬಿಣದ ಗುಣ ತಿಳಿದುಕೊಂಡ. ಸಾಗರದಲ್ಲಿ ಕೇಂದ್ರ ತೆರೆದಾಗ ಬಾಗಿದ ಕದಿರುಗಳನ್ನು ನೆಟ್ಟಗೆ ಮಾಡಲು ಬಂದವನು ಅದರ ಹಿಂದಿನ ಕೋಣೆಯಲ್ಲೇ ಉಳಿದುಬಿಟ್ಟ. ಮದುವೆಯಾಗಲಿಲ್ಲ. ಊರಲ್ಲಿ ತಮ್ಮ ಕನ್ನಪ್ಪನಿದ್ದ, ಒಳ್ಳೆಯವನೇ. ಆದರೆ ತಮ್ಮನ ಜಗುಲಿಯಲ್ಲಿ ದಂಡಕ್ಕೆ ಕೂತು ಉಣ್ಣುವ ದಿನ ಬಂದರೆ ತಾನು ಬದುಕಿದ್ದೂ ಸತ್ತಂತೆ ಎಂದು ಹುಲಿಯಪ್ಪ ನಂಬಿದ್ದ.

ಆ ದಿನ ಹತ್ತಿರ ಬರುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಅರವತ್ತೊಂದನೇ ಇಸವಿಯ ಮಳೆಗಾಲ ಮುಗಿಯುವಾಗ ಅವನ ಕಣ್ಣಿಗೆ ಮಂಜು ಕವಿಯತೊಡಗಿತು. ಮಂಜು ಕರಗುವುದಿರಲಿ, ತಿಂಗಳಿಂದ ತಿಂಗಳಿಗೆ ದಪ್ಪವಾಯಿತು. ಕದಿರನ್ನು ಬೆಳಕಿಗೆ ಹಿಡಿದು ಡೊಂಕು ನೋಡುತ್ತಿದ್ದವನು ಈಗ ಅದನ್ನು ತಿರುಗಲು ಬಿಟ್ಟು, ಪಕ್ಕದಲ್ಲಿ ಹೆಬ್ಬೆರಳ ಉಗುರು ಒಡ್ಡುವುದನ್ನು ಅಭ್ಯಾಸ ಮಾಡಿಕೊಂಡ. ಸುತ್ತಿಗೊಮ್ಮೆ ಉಗುರಿಗೆ ತಾಗಿದರೆ ಡೊಂಕು. ಒಂದೇ ಸಮನೆ ಸವರಿಕೊಂಡು ಹೋದರೆ ನೇರ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಕುರುಡನ ಕೈಗೆ ಕದಿರು ಕೊಡುವವರು ಯಾರು?

ಅರವತ್ತಮೂರರಲ್ಲಿ ಉಮಾಮಹೇಶ್ವರ ಎಂಬ ಹೊಸ ವ್ಯವಸ್ಥಾಪಕ ಬಂದ. ಇಪ್ಪತ್ತೈದರ ಹುಡುಗ, ಉತ್ಸಾಹ ಎರಡು ಆಳಿನಷ್ಟು. ಗಾಂಧಿ ಜಯಂತಿಗೆ ಮೇಲಿನ ಸಾಹೇಬರು ಬರುತ್ತಾರೆಂದು ತಿಳಿದದ್ದೇ ಕೇಂದ್ರವನ್ನು ಸಿಂಗರಿಸಲು ನಿಂತ. ಹಬ್ಬದ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಬಂದು ಇಪ್ಪತ್ತೆಂಟು ರಾಟೆಗಳಿಂದ ಇಪ್ಪತ್ತೆಂಟು ಕದಿರು ಬಿಚ್ಚಿ, ಉಜ್ಜಿ ಹೊಳೆಯಿಸಿ, ಒಂದು ಹಲಗೆಯ ಮೇಲೆ ಸೂರ್ಯನ ಕಿರಣದಂತೆ ಜೋಡಿಸಿ ಕಟ್ಟಿದ. ಹೆಂಗಸರು ತಂತಮ್ಮ ಗುರುತಿಗೆ ಕದಿರಿನ ಬುಡಕ್ಕೆ ಸುತ್ತಿಕೊಂಡಿದ್ದ ಬಣ್ಣದ ದಾರಗಳನ್ನು ಕೊಳೆಯೆಂದು ಕಿತ್ತು ಬಿಸಾಡಿದ. ಹಲಗೆಯ ಕೆಳಗೆ ಅಂದವಾದ ಅಕ್ಷರದಲ್ಲಿ "ತಕಲಿಗಳು" ಎಂದು ಬರೆದ.

ಹೆಂಗಸರು ಬಂದು ಹಲಗೆ ಓದಿ ನಕ್ಕರು. ಹುಲಿಯಪ್ಪನಿಗೆ ಅಲ್ಲಿ ಹಲಗೆಯೇ ಕಾಣಲಿಲ್ಲ. ಆದರೂ ನಾಲ್ಕು ಜನರ ಜೊತೆ ತಾನೂ ನಕ್ಕ. ನಗು ಮುಗಿಯುವಷ್ಟರಲ್ಲಿ ಬಂಗಾರಮ್ಮ ತನ್ನ ರಾಟೆ ನೋಡಿಕೊಂಡು ಎದೆ ಹಿಡಿದಳು. ಕೇಂದ್ರ ಶುರುವಾದಂದಿನಿಂದ ನೂಲುತ್ತಿದ್ದವಳು ಅವಳು.

"ಅಯ್ಯೋ ಮಾರಾಯ್ರಾ, ಎಂತ ಮಾಡಿಟ್ರಿ! ಯಾರ ಕದಿರು ಯಾವ್ದು ಅಂತ ಈಗ ಹೇಳೋರ್ಯಾರು?"

"ಎಲ್ಲಾ ಒಂದೇ ಅಳತೆದಲ್ವಾ ಅಮ್ಮಾ? ಸಿಕ್ಕಿದ್ದು ಹಾಕ್ಕೊಳ್ಳಿ," ಎಂದ ಉಮಾಮಹೇಶ್ವರ.

ಹಾಕಿಕೊಂಡರು. ರಾಟೆ ತಿರುಗಿದ್ದೇ ತಡ, ಒಂದು ಕಡೆ ಕಿರುಗುಟ್ಟಿತು, ಇನ್ನೊಂದು ಕಡೆ ಕದಿರು ಕುಣಿಯಿತು, ನೂಲು ಪಟಪಟನೆ ಹರಿಯಿತು. ಕದಿರನ್ನು ಹಿಡಿದಿರುವ ತೊಗಲಿನ ತುಂಡುಗಳು ವರ್ಷಗಟ್ಟಲೆ ಉಜ್ಜಿ ಅದರ ಮೈ ಸವೆಸಿರುತ್ತವೆ. ಒಂದು ರಾಟೆಯ ಸವೆತ ಇನ್ನೊಂದಕ್ಕೆ ಕೂಡಿಬರುವುದಿಲ್ಲ. ರಾಟೆಯನ್ನು ನೆರೆಮನೆಗೆ ಕೊಡುವ ಹೆಂಗಸರೂ ಕದಿರನ್ನು ಬಿಚ್ಚಿಟ್ಟುಕೊಂಡೇ ಕೊಡುವುದು ಅದಕ್ಕೇ. ತರಬೇತಿಯಲ್ಲಿ ಇದನ್ನು ಯಾರೂ ಉಮಾಮಹೇಶ್ವರನಿಗೆ ಹೇಳಿರಲಿಲ್ಲ. ಸಾಹೇಬರು ಬರಲು ಒಂದೂವರೆ ಗಂಟೆ ಇತ್ತು. ಪಾಪ, ಹುಡುಗನ ಮುಖ ಸುಣ್ಣವಾಯಿತು.

"ಎಲ್ಲಾ ಒಂದು ಮೊರಕ್ಕೆ ಹಾಕಿ ತನ್ನಿ," ಎಂದ ಹುಲಿಯಪ್ಪ.

ಒಂದೊಂದನ್ನೇ ಎತ್ತಿ ಹೆಬ್ಬೆರಳಿನಿಂದ ಸವರುತ್ತ ಹೋದ. ಎರಡು ಸವೆತ, ನಡುವೆ ಮೂರು ಬೆರಳು: ಪುಷ್ಪಮ್ಮನದು. ಬುಡದ ಹತ್ತಿರ ಆಳ, ತುದಿಯ ಕಡೆ ಇಲ್ಲವೇ ಇಲ್ಲ: ವಿಶಾಲಮ್ಮನದು, ಅವಳ ರಾಟೆ ಒಂದು ಕಡೆ ವಾಲುತ್ತದೆ. ಇಷ್ಟು ವರ್ಷ ಎಷ್ಟು ಸಲ ಹಿಡಿದಿದ್ದ ಅವನ್ನು! ಹೆಸರು ಹೇಳುತ್ತ ಹೋದಂತೆ ಹೆಂಗಸರು ಬಂದು ಇಸಿದುಕೊಂಡು ಹೋದರು. ಸಾಹೇಬರ ಜೀಪು ಬಾಗಿಲಿಗೆ ಬಂದಾಗ ಇಪ್ಪತ್ತೆಂಟು ರಾಟೆಗಳೂ ಒಂದೇ ಲಯದಲ್ಲಿ ಗುಂಯ್‌ಗುಡುತ್ತಿದ್ದವು.

ಸಾಹೇಬರು ನೋಡಿ ಸಂತೋಷಪಟ್ಟು ಉಮಾಮಹೇಶ್ವರನ ಬೆನ್ನು ತಟ್ಟಿದರು. ಅವನು ಸುಮ್ಮನೆ ಹೊಗಳಿಸಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಡುಗ ಕೈ ಮುಗಿದು, "ಬೆಳಗ್ಗೆ ನಾನೇ ಎಲ್ಲಾ ಹಾಳು ಮಾಡಿದ್ದೆ ಸಾರ್. ಸರಿ ಮಾಡಿದ್ದು ಹುಲಿಯಪ್ಪನವ್ರು," ಎಂದುಬಿಟ್ಟ.

ಅದನ್ನು ಕೇಳಿ ಹುಲಿಯಪ್ಪನಿಗೆ ನಾಚಿಕೆಯಾಯಿತು. ಮೀಸೆ ಬಲಿಯದ ಹುಡುಗ ತನ್ನ ತಪ್ಪನ್ನು ಹತ್ತು ಜನರ ಮುಂದೆ ಒಪ್ಪಿಕೊಂಡ. ತಾನು ಎರಡು ವರ್ಷದಿಂದ ನಾಟಕ ಆಡುತ್ತಿದ್ದೇನೆ. ಎದ್ದು ನಿಂತ.

"ನಂಗೆ ಕಣ್ಣು ಕಾಣ್ಸಲ್ಲ ಸಾಹೇಬ್ರೇ. ಎರಡು ವರ್ಷ ಆಯ್ತು, ಮುಚ್ಚಿಟ್ಟಿದ್ದೆ. ಹೋಗು ಅಂದ್ರೆ ಹೋಗ್ತೀನಿ."

ರಾಟೆಗಳು ಒಂದೊಂದಾಗಿ ನಿಂತವು. ಸಾಹೇಬರು ಹತ್ತಿರ ಬಂದು ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ಪೊರೆ ಬಂದಿದೆ, ಅಷ್ಟೇ. ಶಿವಮೊಗ್ಗದಲ್ಲಿ ತೆಗೀತಾರೆ. ಹೋಗಿ ತೆಗೆಸ್ಕೊಂಡು ಬಂದು ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ."

ಎರಡು ವರ್ಷ ಹೊತ್ತ ಭಯ ಒಂದು ಮಾತಿಗೆ ಇಳಿಯಿತು. ಹುಲಿಯಪ್ಪ ಎಲ್ಲರೆದುರೇ ಅತ್ತ.

ದೀಪಾವಳಿ ಕಳೆದ ಮೇಲೆ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ತಿರುಗಿ ಬಂದ ದಿನ ಅವನು ಕೋಣೆಗೂ ಹೋಗಲಿಲ್ಲ. ಉಗುರನ್ನು ನಂಬಿ ಮಾಡಿದ ಕೆಲಸ ಹೇಗಿದೆಯೆಂದು ನೋಡಲೇಬೇಕಿತ್ತು. ರಾಟೆಯಿಂದ ರಾಟೆಗೆ ಹೋಗಿ ಕದಿರುಗಳನ್ನು ಬೆಳಕಿಗೆ ಹಿಡಿದ. ಎಲ್ಲವೂ ನೆಟ್ಟಗಿದ್ದವು. ಮನಸ್ಸು ಹಿಗ್ಗಿತು. ಕೊನೆಯದು ಬಂಗಾರಮ್ಮನದು. ಅದರ ತುದಿ ಎಂಥ ದಡ್ಡನಿಗೂ ಕಾಣುವಷ್ಟು ಡೊಂಕಾಗಿತ್ತು. ಆ ದಿನ ಮೊರದಲ್ಲಿ ಸವೆತ ಮಾತ್ರ ಸವರಿದ್ದ, ತಿರುಗಿಸಿ ನೋಡಲು ಪುರಸೊತ್ತು ಎಲ್ಲಿತ್ತು?

"ಇದು ಯಾವಾಗಿಂದ ಹಿಂಗಿದೆ?"

ಬಂಗಾರಮ್ಮ ಹಂಜಿ ಬಿಡಿಸುತ್ತ ಕೂತಿದ್ದಳು.

"ನಿಮ್ಮ ಕಣ್ಣು ಮಂಜಾದ ಹೊಸದ್ರಲ್ಲಿ ತಿದ್ದಿ ಕೊಟ್ಟಿದ್ದಲ್ವಾ ಅಣ್ಣ, ಆವಾಗಿಂದ."

"ಇದ್ರಲ್ಲೇ ನೂತ್ಯಾ ಇಷ್ಟು ದಿನ? ನೂಲು ಹರೀತಿರ್ಲಿಲ್ವಾ?"

"ಹರೀತಿತ್ತು. ಗಂಟು ಹಾಕ್ಕೊಂಡು ನೂತೆ. ವಾಪಸ್ ತಂದು ಕೊಟ್ಟಿದ್ರೆ, ಕೆಲಸ ಕೆಟ್ಟೋಯ್ತು ಅಂತ ಅವತ್ತೇ ಗಂಟು ಕಟ್ಕೊಂಡು ಊರಿಗೆ ಹೋಗ್ತಿದ್ರಿ."

ಹುಲಿಯಪ್ಪ ಸುತ್ತಿಗೆ ತೆಗೆದುಕೊಂಡು ಅವಳ ರಾಟೆಯ ಪಕ್ಕದಲ್ಲೇ ನೆಲದ ಮೇಲೆ ಕೂತ. ಕನ್ನಡಕದ ಗಾಜು ಎರಡು ಸಲ ಒರೆಸಿಕೊಳ್ಳಬೇಕಾಯಿತು.