ತೆಂಗಿನೆಣ್ಣೆ ಹಚ್ಚಿದ ಡಚ್ ಕುರ್ಚಿ

1990ರ ಆಗಸ್ಟ್ ಎರಡರ ಬೆಳಗಿನ ಐದೂಕಾಲಿಗೆ ಕುವೈತಿನ ಜಾಬ್ರಿಯಾದ ನಮ್ಮ ಫ್ಲ್ಯಾಟಿನ ಕಿಟಕಿ ಗಾಜುಗಳು ಮೊದಲ ಸಲ ನಡುಗಿದಾಗ, ಭಾವನ ಬೆರಳುಗಳಿಂದ ತೆಂಗಿನೆಣ್ಣೆ ಇಳಿಯುತ್ತಿತ್ತು. ಅಂದು ಗುರುವಾರ. ಅವರಿಗೆ ಎಣ್ಣೆಸ್ನಾನ ಶುಕ್ರವಾರ, ಅವರ ಕುರ್ಚಿಗೆ ಗುರುವಾರ. ಹೊರಗೆ ಇನ್ನೊಂದು ಸ್ಫೋಟ ಕೇಳಿತು; ಇರಾಕಿನ ಸೈನ್ಯ ಊರೊಳಗೆ ನುಗ್ಗಿತ್ತು. ಅಕ್ಕ ಒಳಕೋಣೆಯಿಂದ ಓಡಿಬಂದಳು. ಭಾವ ಕುರ್ಚಿಯ ಇನ್ನೊಂದು ಕೈಗೂ ಎಣ್ಣೆ ಹಚ್ಚಿ ಮುಗಿಸಿಯೇ ಎದ್ದರು.

ನನ್ನ ಅಕ್ಕನ ಗಂಡ ಶುವೈಖಿನ ಫರ್ನಿಚರ್ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಬಿ.ಎಸ್ಸಿ. ಮುಗಿಸಿ ಬಂದ ನನಗೆ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಕೊಡಿಸಿ, ಮನೆಯಲ್ಲಿಟ್ಟುಕೊಂಡು ಊಟ ಹಾಕಿದವರು. ಇಷ್ಟೆಲ್ಲ ಋಣವಿದ್ದರೂ ಅವರೊಡನೆ ತಾಳ್ಮೆಯಿಂದ ಅರ್ಧ ಗಂಟೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಕಾರಣ ಆ ಕುರ್ಚಿ.

ಶುಐಬಾದ ಕಾರ್ಖಾನೆ ಬಿಟ್ಟು ತನ್ನ ದೇಶಕ್ಕೆ ಮರಳಿದ ಡಚ್ ಎಂಜಿನಿಯರೊಬ್ಬ ಹೋಗುವ ಮೊದಲು ಅವರಿಗೆ ಕೊಟ್ಟದ್ದು. ಬಾಗಿಸಿದ ಉಕ್ಕಿನ ಕೊಳವೆ, ಅದಕ್ಕೆ ಬಿಗಿದ ಕ್ಯಾನ್ವಾಸು, ತೇಗದ ಎರಡು ಕೈ, ಅಷ್ಟೇ. ಮನೆಗೆ ಬಂದವರೆಲ್ಲ ಅದರಲ್ಲಿ ಕೂರಬೇಕು. ಕೂತವರೆಲ್ಲ ಅದನ್ನು ಮಾಡಿದವನ ಕತೆ ಕೇಳಬೇಕು. ಅವನು ಹಾಲೆಂಡಿನ ಬಡಗಿಯ ಮಗ. ಅಪ್ಪನ ಅಂಗಡಿಯಲ್ಲಿ ಮರದ ಹೊಟ್ಟು ಗುಡಿಸುತ್ತಲೇ ಕೆಲಸ ಕಲಿತವನು. ಜರ್ಮನ್ ಸೈನ್ಯ ಅವನ ಊರು ಹಿಡಿದಾಗ, ಮನೆ ಬಿಟ್ಟು ಹೊರಟವರನ್ನು ನೋಡಿ, ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಹೋಗಬಹುದಾದ ಕುರ್ಚಿ ಮಾಡಬೇಕೆಂದು ಯೋಚಿಸಿದವನು. ಅವನ ಹೆಸರನ್ನು ಮಾತ್ರ ಭಾವ ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದರು. ಕತೆ ಮುಗಿದು ಎದ್ದವರ ತೋಳಿಗೆ ಎಣ್ಣೆ ಮೆತ್ತಿಕೊಂಡಿರುತ್ತಿತ್ತು. ತೇಗಕ್ಕೆ ತೆಂಗಿನೆಣ್ಣೆ ಬೇಡವೆಂದು ಎಂಜಿನಿಯರ್ ಹೇಳಿಯೇ ಹೋಗಿದ್ದನಂತೆ.

"ಅವನಿಗೆ ಎಂತ ಗೊತ್ತುಂಟು? ಅವನ ಊರಲ್ಲಿ ತೆಂಗಿನಮರ ಉಂಟಾ?" ಎನ್ನುತ್ತಿದ್ದರು ಭಾವ. ಒಂದು ರೇಷ್ಮೆ ಸೀರೆ ಹಾಳಾದ ದಿನದಿಂದ ಅಕ್ಕ ಆ ಕುರ್ಚಿಯ ಹತ್ತಿರ ಸುಳಿದಿರಲಿಲ್ಲ.

ಸೆಪ್ಟೆಂಬರಿನಲ್ಲಿ, ಬಸ್ರಾ ಬಾಗ್ದಾದ್ ದಾಟಿ ಜೋರ್ಡಾನಿಗೆ ಹೋಗುವ ಬಸ್ಸಿನಲ್ಲಿ ನಮಗೆ ಜಾಗ ಸಿಕ್ಕಿತು. ಅಕ್ಕನಿಗೆ ಏಳು ತಿಂಗಳು. ಹೆರಿಗೆ ನೋಡುತ್ತಿದ್ದ ಡಾಕ್ಟರು ಆಗಲೇ ದೇಶ ಬಿಟ್ಟಿದ್ದರು. ಈ ಬಸ್ಸು ತಪ್ಪಿದರೆ ಅವಳ ಗತಿಯೇನು ಎಂಬುದೊಂದೇ ನನ್ನ ಚಿಂತೆ. ಒಬ್ಬರಿಗೆ ಒಂದೇ ಗಂಟು ಎಂದಿದ್ದ ಡ್ರೈವರ್. ಭಾವ ಬಟ್ಟೆಬರೆ ಬಿಟ್ಟು, ಕುರ್ಚಿ ಬಿಚ್ಚಿ ಬೆಡ್‌ಶೀಟಿನಲ್ಲಿ ಸುತ್ತಿ ತಂದರು. ನಾನು ಕೂಗಾಡಿದೆ, ಅಕ್ಕ ಅತ್ತಳು.

"ನಾನು ಉಟ್ಟ ಬಟ್ಟೆಯಲ್ಲೇ ಬರ್ತೇನೆ ಮಾರಾಯ. ನಿಂಗೆ ಎಂತ ತೊಂದರೆ?"

ತೊಂದರೆ ಏನೆಂದು ಬಸ್ರಾ ದಾರಿಯ ಚೆಕ್‌ಪೋಸ್ಟಿನಲ್ಲಿ ಗೊತ್ತಾಯಿತು. ಇರಾಕಿ ಸೈನಿಕನೊಬ್ಬ ಗಂಟಿಗೆ ಬೂಟಿನಿಂದ ಒದ್ದ. ಉಕ್ಕು ಸದ್ದು ಮಾಡಿತು. ಕೊಳವೆಗಳ ತುದಿ ಹೊರಗೆ ಇಣುಕಿತು. ಬಂದೂಕಿನ ನಳಿಗೆಗಳೆಂದೇ ತಿಳಿದಿರಬೇಕು, ತನ್ನ ಬಂದೂಕನ್ನು ಭಾವನ ಎದೆಗೆ ಹಿಡಿದು ಎಲ್ಲರನ್ನೂ ಇಳಿಸಿದ. ಭಾವ "ಕುರ್ಸಿ, ಕುರ್ಸಿ" ಎನ್ನುತ್ತ ಮರಳಿನಲ್ಲಿ ಮಂಡಿಯೂರಿ, ನಾಣ್ಯವೊಂದರಿಂದ ಸ್ಕ್ರೂ ಬಿಗಿಯತೊಡಗಿದರು. ಒಂದು ಸ್ಕ್ರೂ ಓರೆಯಾಯಿತೆಂದು ಬಿಚ್ಚಿ, ಊದಿ, ಮತ್ತೆ ಹಾಕಿದರು. ಅಂಥ ಹೊತ್ತಿನಲ್ಲಿ. ಕೊನೆಗೂ ಕುರ್ಚಿ ನಿಂತಿತು. ಸೈನಿಕ ಅಕ್ಕನತ್ತ ಬೆರಳು ತೋರಿಸಿ ಕೂರು ಎಂದ. ಅವಳು ಸೆರಗು ಬಿಗಿಹಿಡಿದು ಕೂತಳು. ಕುರ್ಚಿ ಕುರ್ಚಿಯೇ ಎಂದು ಸಾಬೀತಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೀಸೆ ಸರಿಯಾಗಿ ಬಾರದ ಆ ಸೈನಿಕ ಹುಡುಗ, ಇದು ಎಲ್ಲಿಯದು ಎಂದು ಕೇಳಿಬಿಟ್ಟ. ಭಾವನಿಗೆ ಅಷ್ಟೇ ಸಾಕು. ಗೋದಾಮಿನಲ್ಲಿ ಕಲಿತ ಅರಬ್ಬಿಯಲ್ಲಿ ಬಡಗಿಯ ಮಗನಿಂದ ಶುರುಮಾಡಿದರು. ಮುಂದೇನು ಬರುತ್ತದೆಂದು ನನಗೆ ಬಾಯಿಪಾಠ. ಅವರ ಕಾಲು ತುಳಿದೆ. ನಿಲ್ಲಿಸಲಿಲ್ಲ. ಪರದೇಶದ ಸೈನ್ಯ ಬಂದು ಅವನ ಊರು ಹಿಡಿಯಿತು, ಜನ ಮನೆ ಬಿಟ್ಟು ಹೊರಟರು ಎಂದು, ಕುವೈತ್ ಹಿಡಿದ ಸೈನ್ಯದವನಿಗೇ ಹೇಳಿದರು.

ಹುಡುಗ ಬಸ್ಸನ್ನು ನೋಡಿದ. ಅಕ್ಕನ ಹೊಟ್ಟೆಯನ್ನು ನೋಡಿದ. "ಖಲಾಸ್," ಎಂದ. ಕುರ್ಚಿ ಇಲ್ಲೇ ಇರಲಿ, ನೀವು ಹೊರಡಿ ಎಂದು ಕೈಬೀಸಿದ.

ಬಸ್ಸು ಚಲಿಸಿದಾಗ ಅವನು ಅದರಲ್ಲಿ ಕೂತು ಬೂಟು ಬಿಚ್ಚುತ್ತಿದ್ದ.

"ತೋಳಿಗೆ ಎಣ್ಣೆ ಹಿಡೀತದೆ ಪಾಪ. ಹೇಳ್ಬೇಕಿತ್ತು," ಎಂದರು ಭಾವ. ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಜೋರ್ಡಾನಿನಿಂದ ವಿಮಾನದಲ್ಲಿ ಊರು ಸೇರಿದೆವು.

ಅಕ್ಕ ಸುರತ್ಕಲ್ಲಿನ ನಮ್ಮ ಮನೆಯಲ್ಲಿ ಸುಖವಾಗಿ ಹೆತ್ತಳು. ನನಗೆ ಮಾತ್ರ ನಿದ್ದೆಯಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಭಾವ ಚೆಕ್‌ಪೋಸ್ಟಿನ ಆ ವಾಕ್ಯವನ್ನು ಮತ್ತೆ ಶುರುಮಾಡುತ್ತಿದ್ದರು. ಎದ್ದು ಜಗಲಿಗೆ ಬಂದರೆ ಅವರೂ ಅಲ್ಲೇ ಕೂತಿರುತ್ತಿದ್ದರು. ಫೆಬ್ರವರಿ ಕೊನೆಗೆ ರೇಡಿಯೋ ಹೇಳಿತು: ಕುವೈತ್ ಬಿಡುಗಡೆಯಾಗಿದೆ, ಬಸ್ರಾ ದಾರಿಯುದ್ದಕ್ಕೂ ಹಿಂದಿರುಗುತ್ತಿದ್ದ ಇರಾಕಿಗಳ ವಾಹನಗಳು ಸುಟ್ಟು ಬಿದ್ದಿವೆ.

"ಅದೇ ದಾರಿ ಅಲ್ವಾ?" ಎಂದರು ಭಾವ.

ನನಗೆ ರೇಗಿತು. "ಇನ್ನೂ ಆ ಕುರ್ಚಿದೇ ಚಿಂತೆಯಾ ನಿಮಗೆ?"

"ಕುರ್ಚಿ ಹೋಗ್ಲಿ ಮಾರಾಯ. ಆ ಹುಡುಗ ಮನೆ ಮುಟ್ಟಿರ್ತಾನಾ?"

ಇಷ್ಟು ರಾತ್ರಿ ಅವರು ಜಗಲಿಯಲ್ಲಿ ಕೂತದ್ದು ಅವನಿಗಾಗಿ ಎಂದು ಆಗ ಹೊಳೆಯಿತು. ಭಾವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅವರ ಬಾಯಿ ನಮ್ಮನ್ನು ಸಾವಿನ ಬಾಗಿಲಿಗೆ ಒಯ್ದಿತೋ, ಅದೇ ನಮ್ಮನ್ನು ದಾಟಿಸಿತೋ, ಅದು ಇನ್ನೂ ತೀರ್ಮಾನವಾಗಿಲ್ಲ. ಆ ರಾತ್ರಿ ಮಾತ್ರ ನಾನು ಮಲಗಿದವನು ಬಿಸಿಲು ಬಂದ ಮೇಲೆ ಎದ್ದೆ. ಮನೆಯೆಲ್ಲ ತೆಂಗಿನೆಣ್ಣೆಯ ವಾಸನೆ. ಗುರುವಾರ. ಜಗಲಿಯ ಚಾಪೆಯಲ್ಲಿ ಭಾವ ಗೊರಕೆ ಹೊಡೆಯುತ್ತಿದ್ದರು. ಪಕ್ಕದಲ್ಲಿ ಅಕ್ಕ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು.

"ಎಬ್ಬಿಸ್ಬೇಡ," ಎಂದಳು.