ಗುಜರಿ ಚಾಚಾನ ಮೇಲಿನ ಸಿಟ್ಟು

ಮೊನ್ನೆ ಗದ್ವಾಲದ ಬಸ್ ನಿಲ್ದಾಣದ ಹಿಂದೆ ಯಾರೋ ತಾಮ್ರಕ್ಕಾಗಿ ವೈರು ಸುಡುತ್ತಿದ್ದರು. ಆ ವಾಸನೆ ಗಂಟಲಿಗೆ ಅಂಟಿಕೊಳ್ಳುತ್ತದೆ. ಅದರ ಜೊತೆಗೇ ಮಕ್ತಲ್‌ನ ಗುಜರಿ ಚಾಚಾ ನೆನಪಾದರು. ಅವರು ಈಗಿಲ್ಲ. ಸತ್ತವರನ್ನು ನೆನಪು ತೊಳೆದು, ಮಡಿಚಿ ಇಡುತ್ತದೆ: ಬಿಳಿ ಗಡ್ಡ, ನಗು, ಕುಡಿಸಿದ ಚಹಾ... ನನಗದು ಬೇಡ. ನನಗಿನ್ನೂ ಸಿಟ್ಟಿದೆ.

ಹಳೆಯ ಕಂಪ್ಯೂಟರುಗಳ ಹುಚ್ಚು ನನಗೆ. ರಾಜ್ಯ ಬೇರೆಯಾದ ಹೊಸತರಲ್ಲಿ ಎಲ್ಲ ಕಚೇರಿಗಳ ಬೋರ್ಡು ಬದಲಾದವು. ಬೋರ್ಡಿನ ಹಿಂದೆಯೇ ಕುರ್ಚಿ, ಬೀರು, ಕಂಪ್ಯೂಟರುಗಳೂ ಹೊರಬಿದ್ದು ಗುಜರಿ ಸೇರಿದವು. ನಾನು ನಾರಾಯಣಪೇಟೆಯಿಂದ ಬಸ್ಸು ಹಿಡಿದು ಹೋಗಿ ಚಾಚಾನ ರಾಶಿಯಲ್ಲಿ ಕೈಯಾಡಿಸುತ್ತಿದ್ದೆ.

"ಬರ್ರಿ ಡಬ್ಬಾ ಸಾಹೇಬ್ರ," ಎನ್ನುತ್ತಿದ್ದರು. "ಮಂದಿ ಹಳೇದು ಒಗದು ಹೊಸಾದು ತಗೋತಾರ. ನಿಮ್ಮದು ಎಲ್ಲಾ ಉಲ್ಟಾ. ಮನ್ಯಾಗ ಬೈಯಂಗಿಲ್ಲೇನ್ರಿ?"

ಒಂದು ದಿನ ಆ ರಾಶಿಯಲ್ಲಿ ಅಕ್ಕನ ಕಂಪ್ಯೂಟರ್ ಸಿಕ್ಕಿತು. ಅಕ್ಕ ಒಂದು ನೇಕಾರರ ಸಂಘದಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಈ ಕಂಪ್ಯೂಟರಿನಲ್ಲೇ ಚುಕ್ಕಿ ಚುಕ್ಕಿಯಾಗಿ ಸೀರೆಯ ದಡಿಗಳನ್ನು, ಅಂಚಿನ ವಿನ್ಯಾಸಗಳನ್ನು, ಬರೆಯುತ್ತಿದ್ದಳು. ಕೊನೆಯ ದಡಿ ಮಗ್ಗಕ್ಕೆ ಏರುವ ಮೊದಲೇ ತೀರಿಕೊಂಡಳು. ಪೆಟ್ಟಿಗೆಯ ಬದಿಗೆ ಅವಳು ಹಣೆಯಿಂದ ತೆಗೆದು ಅಂಟಿಸಿದ್ದ ಟಿಕಳಿ ಹಾಗೇ ಇತ್ತು.

"ಇದನ್ನ ಒಡೀಬ್ಯಾಡ್ರಿ ಚಾಚಾ. ಇದರಾಗ ನಮ್ಮಕ್ಕ ಬರದ ದಡಿ ಐತಿ. ನಾಳೆ ಆಟೋ ತಗೊಂಡು ಬರ್ತೀನಿ."

"ಅಕ್ಕನ ಚೀಜ್ ಅಂದ್ರ ಅಮಾನತ್ ರೀ, ನಂಬಿ ಇಟ್ಟ ವಸ್ತು. ನಾ ಕಾಯ್ತೀನಿ."

ಒಂದು ಸ್ಕ್ರೂ ಕೂಡ ಮುಟ್ಟಬೇಡಿ ಎಂದೂ ಹೇಳಿದ್ದೆನೆಂದು ನೆನಪು. ಹೇಳಿರಲಿಕ್ಕೂ ಇಲ್ಲ. ಇಂಥ ಕಡೆ ನೆನಪು ನನ್ನ ಪರವಾಗಿಯೇ ಮಾತಾಡುತ್ತದೆ...

ಚಾಚಾ ಕಾಯ್ದರು. ಇಡೀ ವಸ್ತು ಕಂಡರೆ ಪೊಲೀಸರು ಕಳವಿನ ಮಾಲು ಎನ್ನುತ್ತಾರೆಂದು ಬಂದ ದಿನವೇ ಎಲ್ಲವನ್ನೂ ಒಡೆದು ಹಾಕುವ ಮನುಷ್ಯ, ಇದನ್ನು ಮಾತ್ರ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಟಿಕಳಿಯ ಸುತ್ತಲಿನ ಧೂಳನ್ನೂ ಒರೆಸಿದ್ದರು. ನಾನು ಹೋದಾಗ ಯಾರೋ ತಂದ ನಲ್ಲಿಗೆ ಆಯಸ್ಕಾಂತ ಹಿಡಿದು ನೋಡುತ್ತಿದ್ದರು. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಹಿತ್ತಾಳೆ. ಅವತ್ತು ಅವರ ಕೈಯಲ್ಲಿದ್ದದ್ದು ಹೊಸದು, ಬಿಲ್ಲಿನಂತೆ ಬಾಗಿದ ಬೆಳ್ಳನೆಯ ತುಂಡು. ಅಂಥದ್ದು ಇರುವುದು ಹಾರ್ಡ್ ಡಿಸ್ಕಿನ ಹೊಟ್ಟೆಯಲ್ಲಿ, ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ಉಳಿಯುವ ಜಾಗದಲ್ಲಿ.

"ಎಲ್ಲಿಂದ ತಗದ್ರಿ ಇದನ್ನ?"

"ನಿಮ್ಮ ಡಬ್ಬಾದಾಗಿಂದ. ಹಳೇವು ಭಾರಿ ಜೋರ್ ಇರ್ತಾವ್ರಿ. ಡಬ್ಬಾಕ ಏನೂ ಆಗಿಲ್ಲ, ಎಲ್ಲಾ ತಿರುಗಿ ಹಾಕೀನಿ."

"ಅದರಾಗೇ ಇತ್ತಲ್ರಿ ದಡಿ!"

"ಎಲ್ಲೈತ್ರಿ? ನಾ ತಗದು ನೋಡೀನಿ. ಕನ್ನಡಿ ಇದ್ದಂಗ ಐತಿ ತಾಟು. ಒಂದು ಗೆರಿ ಸೈತ ಇಲ್ಲ. ಖಾಲಿ."

ನಂಬದಿದ್ದರೆ ನೋಡಿ ಎಂಬಂತೆ ಮತ್ತೆ ಬಿಚ್ಚಿ, ಹೆಗಲ ಮೇಲಿನ ಟವೆಲ್ಲಿನಿಂದ ಆ ತಟ್ಟೆಯನ್ನು ಗಸಗಸ ಒರೆಸಿ ತೋರಿಸಿದರು.

ನಾನು ಕೂಗಾಡಿದೆ. ಅವರಿಗೆ ಯಾಕೆಂದೇ ತಿಳಿಯಲಿಲ್ಲ. ಆಯಸ್ಕಾಂತ ಬೇಕಾಗಿದೆ ಎಂದುಕೊಂಡು ಅದನ್ನು ನನ್ನ ಅಂಗೈಗಿಟ್ಟರು. ಎಸೆದೆ. ರಾಶಿಯ ಯಾವುದೋ ಕಬ್ಬಿಣಕ್ಕೆ ಟಕ್ಕೆಂದು ಅಂಟಿಕೊಂಡಿತು. ಮತ್ತೆ ಆ ಅಂಗಡಿಗೆ ನಾನು ಕಾಲಿಡಲಿಲ್ಲ. ತಿಳಿಯದೆ ಮಾಡಿದ್ದಕ್ಕೆ ಇಷ್ಟೇಕೆ ಸಿಟ್ಟು ಎನ್ನುತ್ತಾರೆ ಜನ. ಬೇಕೆಂದೇ ಮಾಡಿದ್ದರೆ ನಾಲ್ಕು ಮಾತು ಬೈದು ಮರೆಯುತ್ತಿದ್ದೆ. ಕಾಯುತ್ತೇನೆಂದು ಕಾಯ್ದು ಅಳಿಸಿದವರನ್ನು ಏನು ಮಾಡುವುದು?

ಈಗ ಅಕ್ಕನ ಮಗಳು ಮಗ್ಗ ಹಾಕಿಸಿದ್ದಾಳೆ. ಹೋದ ವಾರ ಬಂದು ಗ್ರಾಫ್ ಹಾಳೆ ಮುಂದಿಟ್ಟಳು. "ಅವ್ವನ ಆ ದಡಿ ಹೆಂಗಿತ್ತು ಮಾಮಾ? ಬರದು ತೋರ್ಸು. ಮೊದಲನೇ ಸೀರಿಗೆ ಅದೇ ಬೇಕು."

ಬರೆದೆ. ಅಲ್ಲವೆನಿಸಿತು. ಇನ್ನೊಂದು ಬರೆದೆ, ಮತ್ತೊಂದು... ಒಂದರ ಮೇಲೆ ಅವಳು ಬೆರಳಿಟ್ಟಳು. "ಇದೇ. ಅವ್ವನ ಕೈ ನನಗ ಗೊತ್ತಾಗಂಗಿಲ್ಲೇನು?"

ಹೌದು, ಇದೇ ಎಂದೆ. ಸೀರೆ ಈಗ ಮಗ್ಗದ ಮೇಲಿದೆ. ಅದರ ದಡಿಯಲ್ಲಿ ಅಕ್ಕನ ಒಂದು ಚುಕ್ಕಿಯೂ ಇಲ್ಲ.