ಕುರಿ ಹಿಂಡಿಗೊಂದು ವೇಳಾಪಟ್ಟಿ

...ಅಥವಾ "ಪ್ರತಿ ತಿಂಗಳ ಮುಂದ ಒಂದೊಂದು ಊರು ಬರಿ" ಎಂದು ನನ್ನ ಗೈಡ್ ಸರ್ ಹೇಳಲೇ ಇಲ್ಲವೇನೋ. ಈ ಕಥೆ ಹೇಳುವಾಗಲೆಲ್ಲ ಆ ಮಾತನ್ನು ಅವರ ಬಾಯಿಗೇ ಇಟ್ಟಿದ್ದೇನೆ. ಕೇಳಿದವರು ನಕ್ಕಿದ್ದಾರೆ, ನಾನು ಪಾರಾಗಿದ್ದೇನೆ. ಆದರೆ ನನ್ನ ಬಳಿ ಉಳಿದಿರುವ ಸಂಶೋಧನಾ ಯೋಜನೆಯ ಝೆರಾಕ್ಸ್ ಪ್ರತಿಯಲ್ಲಿ ಊರುಗಳ ಕಾಲಂ ನನ್ನ ಕೈಬರಹದಲ್ಲಿದೆ. ಗೆರೆಗಳನ್ನು ಸ್ಕೇಲು ಹಿಡಿದು ಎಳೆದಿದ್ದೇನೆ. ಬೇರೆಯವರ ಒತ್ತಾಯಕ್ಕೆ ಯಾರೂ ಅಷ್ಟು ನೇರ ಗೆರೆ ಎಳೆಯುವುದಿಲ್ಲ.

ರಾಯಚೂರಿನಲ್ಲಿ ಎಂ.ಎ. ಕೊನೆಯ ವರ್ಷ. ವರ್ಷಪೂರ್ತಿ ಒಂದು ಸಂಶೋಧನೆ ಮಾಡಬೇಕು, ವಿಷಯ ವಿದ್ಯಾರ್ಥಿಯ ಸ್ವಂತ ಆಯ್ಕೆ ಎಂದು ನೋಟಿಸು ಹಚ್ಚಿದ್ದರು. ಸ್ವಂತವಾಗಿ ಆರಿಸಿಕೊಳ್ಳಬೇಕಾದ ವಿಷಯಗಳ ಪಟ್ಟಿಯೂ ಅದರ ಕೆಳಗೇ ಇತ್ತು. ನನ್ನ ಜೊತೆಯವರು ಹೆಚ್ಚಾಗಿ ಸ್ವಸಹಾಯ ಸಂಘಗಳನ್ನು ಆರಿಸಿಕೊಂಡರು, ಏಕೆಂದರೆ ಹಿಂದಿನ ವರ್ಷದವರೂ ಅವನ್ನೇ ಆರಿಸಿಕೊಂಡಿದ್ದರು. ಪ್ರಶ್ನೆಗಳು ಸಿದ್ಧವಿದ್ದವು. ಕೆಲವರ ಬಳಿ ಉತ್ತರಗಳೂ ಸಿದ್ಧವಿದ್ದವು.

ನಾನು ಕುರಿ ಹಿಂಡು ಎಂದೆ. ದೇವದುರ್ಗದ ಕಡೆಯ ಕುರಿಗಾರರು ಚಳಿಗಾಲದಲ್ಲಿ ತಮ್ಮ ಹಿಂಡುಗಳನ್ನು ಮಾನ್ವಿಯ ಕಾಲುವೆ ಸೀಮೆಗೆ ಹೊಡೆದುಕೊಂಡು ಬರುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಕೆಲವು ದಿನ ಹಿಂಡನ್ನು ತರುಬಿ ನಿಲ್ಲಿಸುತ್ತಾರೆ. ಕುರಿಗೆ ಕೂಳೆ ಮೇವು ಸಿಗುತ್ತದೆ, ಗದ್ದೆಗೆ ಹಿಕ್ಕೆಯ ಗೊಬ್ಬರ ಬೀಳುತ್ತದೆ, ಗದ್ದೆಯ ಒಡೆಯ ಕುರಿಗಾರನ ಮನೆಮಂದಿಗೆ ಅಕ್ಕಿ, ಜೋಳ ಕೊಡುತ್ತಾನೆ. ಎಲ್ಲವೂ ಬಾಯಿಮಾತಿನ ಮೇಲೆ. ಈ ಬಾಯಿಮಾತು ಹೇಗೆ ನಡೆಯುತ್ತದೆ ಎಂದು ಒಂದು ವರ್ಷ ನೋಡುವುದು ನನ್ನ ಆಸೆ.

ಸರ್ ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು. ಹಿಂಡು ತಿರುಗುತ್ತದೆ ಎಂಬುದೇ ಅವರಿಗೆ ತೊಡಕಾಗಿತ್ತು. ಅಧ್ಯಯನ ಕ್ಷೇತ್ರ ಒಂದು ಕಡೆ ನಿಲ್ಲಬೇಕು, ನಿಲ್ಲದಿದ್ದರೆ ಯಾವ ವಾರ ಎಲ್ಲಿರುತ್ತದೆ ಎಂದಾದರೂ ಹೇಳಬೇಕು ಎಂದರು. ಜೊತೆಗೆ ಆ ವರ್ಷ ಒಂದು ಹೊಸ ನಿಯಮ ಬಂದಿತ್ತು: ಅಧ್ಯಯನಕ್ಕೆ ಒಳಪಡುವವರೆಲ್ಲರ ಲಿಖಿತ ಒಪ್ಪಿಗೆ ಬೇಕು, ಒಪ್ಪಿಗೆ ಪತ್ರವನ್ನು ವರ್ಷದ ಯೋಜನೆಯ ಜೊತೆ ಪಿನ್ ಮಾಡಬೇಕು, ವಿಭಾಗದ ಠಸ್ಸೆ ಹಾಕಿಸಬೇಕು, ಎಲ್ಲರಿಗೂ ಒಂದೊಂದು ಪ್ರತಿ ಕೊಡಬೇಕು. ಬಡವರ ಹಕ್ಕು ಕಾಯಲು ಮಾಡಿದ ನಿಯಮವದು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಆಗ ನಾನು ಹಾಗೆಯೇ ನಂಬಿದ್ದೆ.

ಯೋಜನೆಯಲ್ಲಿ 'ನಿರೀಕ್ಷಿತ ಫಲಿತಾಂಶ' ಎಂಬ ಭಾಗವೂ ಇತ್ತು. ಒಂದು ಕುರಿಯನ್ನೂ ಮಾತಾಡಿಸುವ ಮೊದಲೇ ನಾನು ಬರೆದೆ: "ಕುರಿಗಾರ ಮತ್ತು ರೈತರ ಸಂಬಂಧ ಪರಸ್ಪರ ನಂಬಿಕೆಯ ಮೇಲೆ ನಿಂತಿರುವುದು ಕಂಡುಬರುತ್ತದೆ."

ದೇವದುರ್ಗದ ಸಂತೆಯಲ್ಲಿ ಸಿಕ್ಕ ಒಬ್ಬ ಕುರಿಗಾರರು ನನ್ನನ್ನು ತಮ್ಮ ಹಿಂಡಿನ ಬಳಿ ಬರಲು ಬಿಟ್ಟರು. ಗಂಡ ಹೆಂಡತಿ ಇಬ್ಬರೂ ನನ್ನ ಅಪ್ಪ ಅವ್ವನಿಗಿಂತ ಹಿರಿಯರು. ಇಬ್ಬರೂ ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಯಪ್ಪಾ, ಯವ್ವಾ ಎನ್ನುತ್ತಿದ್ದೆ. ಅವರ ಹಿಂಡು ಪ್ರತಿ ವರ್ಷ ಹಿರೇಕೊಟ್ನೆಕಲ್ಲಿನ ಒಬ್ಬ ಗೌಡರ ಗದ್ದೆಗೆ ಹೋಗುತ್ತಿತ್ತು, ಯಪ್ಪನ ಅಪ್ಪನ ಕಾಲದಿಂದಲೂ. ದೇವದುರ್ಗದ ಗುಡ್ಡಗಳಲ್ಲಿ ಹುಲ್ಲು ಮುಗಿದ ಮೇಲೆ ಆ ಗದ್ದೆಯ ಹದಿನೈದು ದಿನಗಳೇ ಅವರ ಹಿಂಡನ್ನು ದಾಟಿಸುತ್ತಿದ್ದವು. ಆ ಹದಿನೈದು ದಿನ ತಪ್ಪಿದರೆ ಬೇರೆ ಗದ್ದೆಗಳೆಲ್ಲ ಬೇರೆ ಹಿಂಡುಗಳಿಗೆ ಮಾತಾಗಿರುತ್ತವೆ. ಇದನ್ನು ಅವರು ಮೊದಲ ದಿನವೇ ಹೇಳಿದ್ದರು. ನಾನು ಬರೆದುಕೊಂಡಿದ್ದೆ ಕೂಡ.

ಯಾವ ವಾರ ಹೋಗುತ್ತೀರಿ ಎಂದು ಕೇಳಿದೆ. ಭತ್ತ ಕೊಯ್ದ ಮೇಲೆ ಎಂದರು. ಅದು ಯಾವಾಗ ಎಂದೆ. ಗೌಡರು ಫೋನ್ ಮಾಡಿದಾಗ ಎಂದರು. ಡಿಸೆಂಬರಿನ ಮೊದಲ ವಾರವೋ ಎರಡನೆಯದೋ ಎಂದು ಮತ್ತೆ ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಯವ್ವ ತಲೆ ಎತ್ತದೆ ಕೇಳಿದರು:

"ನಿನ್ನ ಕಾಗದದಾಗ ಮಳಿಗೆ ಯಾವ ವಾರ ಕೊಟ್ಟೀ ತಂಗಿ?"

ಮಳೆಗೆ ಕಾಲಂ ಇರಲಿಲ್ಲ. ಯಪ್ಪನಿಗೆ ನನ್ನ ಮುಖ ನೋಡಿ ಪಾಪ ಅನಿಸಿರಬೇಕು. ನಿನಗೆ ಯಾವುದು ಬೇಕೋ ಅದನ್ನು ಬರೆದುಕೋ ಎಂದರು. ನಾನು 'ಡಿಸೆಂಬರ್, ಎರಡನೇ ವಾರ, ಹಿರೇಕೊಟ್ನೆಕಲ್' ಎಂದು ಬರೆದೆ. ಆ ಸಾಲು ಉಳಿದ ಸಾಲುಗಳಿಗೆ ಸರಿಯಾಗಿ ಹೊಂದಿತು.

ಇನ್ನೊಂದು ಸಂಗತಿಯನ್ನು ಈವರೆಗೆ ಯಾರಿಗೂ ಹೇಳಿಲ್ಲ. ಯಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ಪೆನ್ನು ಕೊಡು ಎಂದು ಕೈ ಚಾಚಿದ್ದರು. ನಾನೇ ಇಂಕ್ ಪ್ಯಾಡು ಮುಂದಿಟ್ಟೆ. ಹೆಬ್ಬೆಟ್ಟು ಇದ್ದರೆ ಹಳ್ಳಿಗೆ ಹೋಗಿ ಬಂದದ್ದು ನಿಜ ಅನಿಸುತ್ತದೆ ಎಂದು ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿಕೊಟ್ಟಿದ್ದ. ಅವರು ಪ್ಯಾಡು ನೋಡಿದರು, ನನ್ನನ್ನು ನೋಡಿದರು, ಒತ್ತಿದರು. ನಕ್ಕರು ಎಂದು ಬರೆಯಹೋಗಿದ್ದೆ. ನಕ್ಕದ್ದು ನೆನಪಿಲ್ಲ.

ಗೌಡರಿಗೂ ಒಂದು ಪ್ರತಿ ಕೊಟ್ಟೆ. ಅವರು ಹೆಬ್ಬೆಟ್ಟು ನೋಡಿದರು, ದುಂಡಗಿನ ಠಸ್ಸೆ ನೋಡಿದರು, ಡಿಸೆಂಬರಿನ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಒಳಗೆ ಹೋಗಿ, ಪಹಣಿ ಮತ್ತು ಪಾಸ್‌ಬುಕ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನು ಇಟ್ಟು ಬಂದರು. ನನ್ನ ಸಂಶೋಧನೆಗೆ ಸಿಕ್ಕ ಮೊದಲ ಗೌರವ ಎಂದುಕೊಂಡು ಹಿಗ್ಗಿದೆ. ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆ.

ಆ ವರ್ಷ ದೇವದುರ್ಗದ ಕಡೆ ಹಿಂಗಾರು ತಡವಾಗಿ ಬಿತ್ತು, ಚೆನ್ನಾಗಿಯೇ ಬಿತ್ತು. ಗುಡ್ಡದಲ್ಲಿ ಹುಲ್ಲಿತ್ತು, ಹಿಂಡು ಅಲ್ಲೇ ಉಳಿಯಿತು. ಹಿಂದಿನ ವರ್ಷಗಳಲ್ಲಿ ಇಂಥ ಹೊತ್ತಿಗೆ ಗೌಡರು ಫೋನ್ ಮಾಡುತ್ತಿದ್ದರು, ಯಪ್ಪ ಹತ್ತು ದಿನ ತಾಳಿರಿ ಎನ್ನುತ್ತಿದ್ದರು, ಗೌಡರು ಬೈದು ತಾಳುತ್ತಿದ್ದರು. ಈ ಸಲ ಗೌಡರು ಫೋನ್ ಮಾಡಲಿಲ್ಲ. ಕಾಗದದಲ್ಲಿ ವಾರವೇ ಇತ್ತಲ್ಲ. ಯಪ್ಪ ಅವರ ಫೋನಿಗೆ ಕಾಯುತ್ತಿದ್ದರು. ತಮ್ಮ ಪ್ರತಿಯನ್ನು ಯವ್ವ ಕಂಬಳಿಯ ಗಂಟಿನಲ್ಲಿ ಕಟ್ಟಿಟ್ಟಿದ್ದರು, ಯಾರೂ ಬಿಚ್ಚಿರಲಿಲ್ಲ.

ಯೋಜನೆಯ ಪ್ರಕಾರ ಡಿಸೆಂಬರಿನ ಎರಡನೇ ವಾರ ಆ ಗದ್ದೆಯಲ್ಲಿ ಹಾಜರಿದ್ದದ್ದು ನಾನೊಬ್ಬಳೇ. ಕೂಳೆಯ ನಡುವೆ ನೋಟ್‌ಬುಕ್ ಹಿಡಿದು ನಿಂತಿದ್ದೆ. ಕುರ್ಡಿ ಕಡೆಯಿಂದ ಬಂದಿದ್ದ ಬೇರೊಂದು ಹಿಂಡಿನವರು ಗದ್ದೆ ಕೇಳಿದರಂತೆ. ಕರಾರಾಗಿದೆ ಎಂದು ಗೌಡರು ಅವರನ್ನು ಕಳಿಸಿಬಿಟ್ಟಿದ್ದರು. ಹಿಂಡು ತಡವಾಗುತ್ತದೆಂದು ನನಗೆ ಆಗಲೇ ಗೊತ್ತಿತ್ತೇ? ದೇವದುರ್ಗದಲ್ಲಿ ಯಪ್ಪ ಯವ್ವನನ್ನು ನೋಡಿ ಬಂದು ಒಂದು ವಾರವಾಗಿತ್ತು. ಗೊತ್ತಿರಬೇಕು. ಸಂಶೋಧಕರು ನಡುವೆ ಬಾಯಿ ಹಾಕಬಾರದು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಆ ಪಾಠವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ.

ಹಿಂಡು ಬರುವ ಹೊತ್ತಿಗೆ ಕಾಲುವೆಗೆ ನೀರು ಬಂದಿತ್ತು, ಎರಡನೇ ಬೆಳೆಗೆ ಗದ್ದೆ ಕೆಸರು ಮಾಡಿಯಾಗಿತ್ತು. ಗೌಡರು ಯಪ್ಪನನ್ನು ಬದುವಿನ ಮೇಲೆಯೇ ನಿಲ್ಲಿಸಿ ಮಾತಾಡಿದರಂತೆ. ಮುಂದಿನ ವರ್ಷದಿಂದ ಬೇರೆ ಹಿಂಡು ನೋಡಿಕೊಳ್ಳುತ್ತೇನೆ ಎಂದರಂತೆ. ಸುದ್ದಿ ತಿಳಿದು ನಾನು ಹಿರೇಕೊಟ್ನೆಕಲ್ಲಿಗೆ ಓಡಿದೆ. ಅದು ಕರಾರಲ್ಲ, ಬರೀ ಒಪ್ಪಿಗೆ ಪತ್ರ ಎಂದೆ.

"ಒಪ್ಪಿಗಿ ಅದ, ತಾರೀಖ ಅದ, ಹೆಬ್ಬಟ್ಟ ಅದ, ಮ್ಯಾಲ ಠಸ್ಸೆ ಅದ. ಇನ್ನ ಕರಾರಿಗೆ ಏನ್ ಕಡಿಮಿ ಆತವ್ವಾ?" ಎಂದರು ಗೌಡರು.

ತಪ್ಪು ನನ್ನದು, ತಾರೀಕು ಹಾಕಿದ್ದು ನಾನು ಎಂದೆ. ಗೌಡರು ಕೆಟ್ಟವರಲ್ಲ. ಅವರೇ ದಾರಿ ಹೇಳಿದರು: "ಹಂಗಾರ ಅದನ್ನ ಬರಕೊಡ್ರಿ. ಕುರಿಯವಂದು ತಪ್ಪಿಲ್ಲ, ನಮ್ದದ ಅಂತ. ಅದೇ ಠಸ್ಸೆ ಹಾಕಿಸ್ರಿ. ಮುಂದಿನ ವರ್ಷ ಮದ್ಲಿನಂಗ ಬರ್ಲಿ ಅವ."

ಒಂದು ಹಾಳೆ, ಒಂದು ಠಸ್ಸೆ. ಅಷ್ಟಾದರೆ ಆ ಹದಿನೈದು ದಿನ ಅವರಿಗೆ ವಾಪಸು.

ಸರ್ ಒಪ್ಪಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಹಾಗೆ ಬರೆದುಕೊಟ್ಟರೆ ಒಪ್ಪಿಗೆ ಪತ್ರವೇ ದೋಷದ್ದೆಂದು ಆಗುತ್ತದೆ, ಸಮಿತಿ ಇಡೀ ಸಂಶೋಧನೆಯನ್ನು ತಳ್ಳಿಹಾಕುತ್ತದೆ, ಒಂದು ವರ್ಷ ಹೋಗುತ್ತದೆ ಎಂದರು, ಅಂತ. ಈ ವಾದ ಪಕ್ಕಾ ಇದೆ, ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಸರ್ ಯಾವತ್ತೂ ಇಷ್ಟು ಒಪ್ಪವಾಗಿ ಮಾತಾಡಿದವರಲ್ಲ. ಟೈಪು ಮಾಡಿಸಿದ ಹಾಳೆ ಹಿಡಿದು ಅವರ ಕೋಣೆಯ ಹೊರಗೆ ನಿಂತದ್ದು ನೆನಪಿದೆ. ಬಾಗಿಲಿನ ನೀಲಿ ಪರದೆ ನೆನಪಿದೆ. ಪರದೆ ಸರಿಸಿದ್ದು ನೆನಪಿಲ್ಲ. ಕೇಳಿದೆನೋ, ಕೇಳದೆಯೇ ಅವರ ಪರವಾಗಿ ನಾನೇ ಉತ್ತರ ಕೊಟ್ಟುಕೊಂಡು ಮೆಟ್ಟಿಲಿಳಿದೆನೋ. ಪತ್ರವಂತೂ ಹಿರೇಕೊಟ್ನೆಕಲ್ಲಿಗೆ ಹೋಗಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ನನ್ನ ವೇಳಾಪಟ್ಟಿಯನ್ನು ಹೊಗಳಿದರು. ಯೋಜನೆಯಂತೆ ಪ್ರತಿ ವಾರವೂ ಕ್ಷೇತ್ರದಲ್ಲಿದ್ದ ವಿದ್ಯಾರ್ಥಿ ಅಪರೂಪ ಎಂದರು. ನಂಬಿಕೆಯ ಕುರಿತ ಫಲಿತಾಂಶವನ್ನು ಬದಲಾಯಿಸಿರಲಿಲ್ಲ. ಬದಲಾಯಿಸಿದರೆ ನಿರೀಕ್ಷಿತ ಎಂಬ ಪದಕ್ಕೆ ವಿವರಣೆ ಕೊಡಬೇಕಾಗುತ್ತಿತ್ತು. ನನಗೆ ಒಳ್ಳೆಯ ದರ್ಜೆ ಬಂತು.

ಆಮೇಲೆ ಒಂದೆರಡು ಸಲ ಯಪ್ಪನ ನಂಬರಿಗೆ ಫೋನ್ ಮಾಡಿದೆ. ಮೊದಲ ಸಲ ಯವ್ವ ಎತ್ತಿದರು, ಕುರಿ ಚೆನ್ನಾಗಿವೆ ಎಂದರು, ನನ್ನ ಪರೀಕ್ಷೆ ಏನಾಯಿತು ಎಂದು ಕೇಳಿದರು. ಗದ್ದೆಯ ಮಾತು ಅವರು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಎರಡನೇ ಸಲ ಯಾರೋ ತೆಲುಗಿನಲ್ಲಿ ಮಾತಾಡಿದರು, ಆ ನಂಬರು ಈಗ ತಮ್ಮದು ಎಂದರು. ಹೋದ ವರ್ಷ ಚಳಿಗಾಲದಲ್ಲಿ ಮಾನ್ವಿ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಒಂದು ಕೆಂಪು ಕುರಿ ಹಿಂಡು ಕಂಡಿತು. ಯಾರದೆಂದು ಗುರುತು ಹತ್ತಲಿಲ್ಲ. ಇಳಿದು ಕೇಳಬಹುದಿತ್ತು, ಇಳಿಯಲಿಲ್ಲ.

ಗೌಡರು ಮನಸ್ಸು ಬದಲಿಸಿದರೋ ಇಲ್ಲವೋ, ಯಪ್ಪ ಯವ್ವನಿಗೆ ಬೇರೆ ಗದ್ದೆ ಸಿಕ್ಕಿತೋ, ಹಿಂಡನ್ನೇ ಮಾರಿದರೋ, ನನಗೆ ಗೊತ್ತಿಲ್ಲ.